ಡೆಂಗಿ ತಡೆಗೆ ಊರಿನ ವಾಟ್ಸ್ಆ್ಯಪ್ ಗುಂಪು: ಏನು ಕಳಿಸಬೇಕು, ಹೇಗೆ ಕಳಿಸಬೇಕು

ಮಳೆ ಹಿಡಿದು ಜ್ವರ ಶುರುವಾದ ಮೇಲೆ ಗುಂಪು ಕಟ್ಟಹೊರಟರೆ ಪಪ್ಪಾಯಿ ಎಲೆ ರಸದ ಫಾರ್ವರ್ಡುಗಳು ಆಗಲೇ ಮನೆಮನೆ ತಲುಪಿರುತ್ತವೆ. ಮೇ 16 ರಾಷ್ಟ್ರೀಯ ಡೆಂಗಿ ದಿನ. ಅಷ್ಟರೊಳಗೆ ಗುಂಪು ಸಿದ್ಧವಿರಲಿ.

ಒಬ್ಬ ಆಶಾ ಕಾರ್ಯಕರ್ತೆಯ ವ್ಯಾಪ್ತಿ ಸುಮಾರು 1000 ಜನ. ಒಂದು ಗುಂಪಿಗೆ ಅಷ್ಟೇ ಸಾಕು. ಸೆಟ್ಟಿಂಗ್ಸ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸುವಂತೆ ಮಾಡಿ, ಇಲ್ಲವಾದರೆ ಎರಡೇ ದಿನದಲ್ಲಿ ಶುಭೋದಯದ ಹೂವುಗಳ ಅಡಿಯಲ್ಲಿ ನಿಮ್ಮ ಮಾತು ಹೂತುಹೋಗುತ್ತದೆ. ಆಶಾ ಜೊತೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಒಬ್ಬರು, ಪಂಚಾಯಿತಿಯ ಒಬ್ಬರು ಅಡ್ಮಿನ್ ಆಗಿರಲಿ. ಗುಂಪಿನ ಬದಲು ಬ್ರಾಡ್‌ಕಾಸ್ಟ್ ಪಟ್ಟಿ ಬಳಸುವವರು ಒಂದು ವಿಷಯ ಗಮನಿಸಬೇಕು: ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುತ್ತದೆ. ಕಳಿಸಿದ್ದು ಯಾರಿಗೂ ಬಂದಿಲ್ಲ ಎಂಬ ದೂರಿಗೆ ಬಹುಮಟ್ಟಿಗೆ ಇದೇ ಕಾರಣ.

ಒಂದು ಸಂದೇಶದಲ್ಲಿ ಒಂದೇ ಕೆಲಸ ಹೇಳಿ. ‘ಡೆಂಗಿ ಬಗ್ಗೆ ಜಾಗೃತರಾಗಿರಿ’ ಎಂದರೆ ಓದಿದವರು ಏನು ಮಾಡಬೇಕು? ಗುರುವಾರ ಸಂಜೆ ಹೀಗೆ ಬರೆಯಿರಿ:

‘ನಾಳೆ ಶುಕ್ರವಾರ. ಡ್ರಮ್ಮು ಖಾಲಿ ಮಾಡಿ, ಒಳಗೋಡೆಯನ್ನು ಬ್ರಷ್ಷಿನಿಂದ ಗಸಗಸ ಉಜ್ಜಿ, ಒಣಗಿಸಿ, ಆಮೇಲೆ ತುಂಬಿಸಿ. ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿ.’

ಉಜ್ಜುವುದು ಏಕೆಂದೂ ಒಂದು ಸಾಲು ಸೇರಿಸಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ನೀರಿನಂಚಿನ ಗೋಡೆಗೆ ಅಂಟಿಕೊಂಡು ಒಣಗಿದ ಮೇಲೂ ತಿಂಗಳುಗಟ್ಟಲೆ ಬದುಕಿರುತ್ತದೆ. ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ, ಆದ್ದರಿಂದಲೇ ವಾರಕ್ಕೊಮ್ಮೆ.

ಇದೇ ಸಂದೇಶ ಎಲ್ಲ ಊರಿಗೂ ಹೊಂದುವುದಿಲ್ಲ. ವಾರಕ್ಕೊಮ್ಮೆ ನಲ್ಲಿ ಬರುವ ಬಯಲುಸೀಮೆಯ ಊರಿನಲ್ಲಿ ‘ನೀರು ಚೆಲ್ಲಿ’ ಎಂದರೆ ಜನ ನಗುತ್ತಾರೆ, ಮುಂದಿನ ಮಾತನ್ನೂ ಕೇಳುವುದಿಲ್ಲ. ಅಲ್ಲಿ ‘ಬಟ್ಟೆಯಲ್ಲಿ ಸೋಸಿ ಇನ್ನೊಂದು ಪಾತ್ರೆಗೆ ಹಾಕಿಟ್ಟು, ಡ್ರಮ್ಮು ಉಜ್ಜಿ’ ಎನ್ನಬೇಕು; ದೊಡ್ಡ ಸಿಮೆಂಟ್ ತೊಟ್ಟಿಗೆ ಸೊಳ್ಳೆಮರಿ ತಿನ್ನುವ ಗಂಬೂಸಿಯಾ ಅಥವಾ ಗಪ್ಪಿ ಮೀನು ಬಿಡಿಸಬೇಕು. ಮಲೆನಾಡು, ಕರಾವಳಿಯಲ್ಲಾದರೆ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು, ತೋಟದ ಟಾರ್ಪಾಲಿನ ಗುಳಿ ತೋರಿಸಿ. ಫೋಟೊ ನಿಮ್ಮೂರಿನದೇ ಆಗಿರಲಿ. ಇಂಟರ್‌ನೆಟ್ಟಿನಿಂದ ತೆಗೆದ ಕೊಳಚೆ ಮೋರಿಯ ಚಿತ್ರ ದಾರಿ ತಪ್ಪಿಸುತ್ತದೆ, ಏಕೆಂದರೆ ಈ ಸೊಳ್ಳೆಗೆ ಬೇಕಾದದ್ದು ಮನೆ, ತೋಟದಲ್ಲಿ ನಿಂತ ತಿಳಿನೀರು.

ಓದಲು ಬಾರದವರಿಗೆ, ಕಣ್ಣು ಮಂಜಾದವರಿಗೆ ಧ್ವನಿ ಸಂದೇಶವೇ ಮೇಲು. 40 ಸೆಕೆಂಡು ದಾಟಬಾರದು, ಊರಿನವರೇ ಊರಿನ ಮಾತಿನಲ್ಲಿ ಹೇಳಬೇಕು. ಬರಹವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನ ಸುತ್ತೋಲೆಯನ್ನು ಹಾಗೇ ಅಂಟಿಸಿದರೆ ಮೊಬೈಲಿನಲ್ಲಿ ಬರೀ ಗೀಚು ಕಾಣುತ್ತದೆ. ಪೋಸ್ಟರಿನ ಮೇಲೆಯೇ ದಿನಾಂಕ, ಆರೋಗ್ಯ ಕೇಂದ್ರದ ಹೆಸರು ಇರಲಿ. ಫಾರ್ವರ್ಡ್ ಆಗುತ್ತ ಹೋದಂತೆ ಚಿತ್ರದ ಕೆಳಗಿನ ಬರಹ ಬಿಟ್ಟುಹೋಗಿ, ಮುಂದಿನ ವರ್ಷ ಅದೇ ಚಿತ್ರ ‘ನಾಳೆ ಶಿಬಿರ’ ಎಂದು ಮತ್ತೆ ಬರುತ್ತದೆ.

ಸುಳ್ಳು ಸುದ್ದಿಗೆ ಉತ್ತರ ಕೊಡುವಾಗ ಆ ಸುಳ್ಳನ್ನೇ ಕೆಂಪು ಗೀಟು ಹಾಕಿ ಹಂಚಬೇಡಿ. ಅವಸರದಲ್ಲಿ ನೋಡಿದವರಿಗೆ ಸುಳ್ಳಷ್ಟೇ ನೆನಪುಳಿಯುತ್ತದೆ. ಮೊದಲ ಸಾಲಿನಲ್ಲೇ ಸರಿಯಾದದ್ದು ಬರಲಿ: ‘ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ವೈದ್ಯರು ಹೇಳಿದಷ್ಟು. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಬೇಡ, ರಕ್ತಸ್ರಾವದ ಅಪಾಯವಿದೆ.’ ಎಲೆ ರಸ ಕುಡಿಯುವವರನ್ನು ಗೇಲಿ ಮಾಡಿ ಪ್ರಯೋಜನವಿಲ್ಲ. ಅದನ್ನೇ ನಂಬಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬೇಡಿ ಎಂದರೆ ಸಾಕು.

ಜೀವ ಉಳಿಸುವ ಒಂದು ಸಂದೇಶವನ್ನಂತೂ 30 ದಿನಕ್ಕೆ ಪಿನ್ ಮಾಡಿಡಿ: ‘ಜ್ವರ ಬಿಟ್ಟಿತೆಂದು ಮೈಮರೆಯಬೇಡಿ. 3ರಿಂದ 7ನೇ ದಿನದ ನಡುವೆ, ಜ್ವರ ಇಳಿಯುವ ಹೊತ್ತೇ ಅಪಾಯದ್ದು. ಹೊಟ್ಟೆ ವಿಪರೀತ ನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತೀರಾ ಸುಸ್ತು ಕಂಡರೆ ಕೂಡಲೇ ಆಸ್ಪತ್ರೆಗೆ. ಆಂಬುಲೆನ್ಸ್ 108.’

ರೋಗಿಯ ಹೆಸರು, ಲ್ಯಾಬ್ ವರದಿ, ಮನೆಯ ಫೋಟೊ ಹಾಕಲೇಬೇಡಿ. ಹಳ್ಳಿಯಲ್ಲಿ ‘ಗುಡಿ ಪಕ್ಕದ ಮನೆ’ ಎಂದರೂ ಗುರುತು ಹತ್ತುತ್ತದೆ. ಒಮ್ಮೆ ಹಾಗಾದರೆ ಮುಂದಿನವರು ಜ್ವರ ಬಂದದ್ದನ್ನೇ ಮುಚ್ಚಿಡುತ್ತಾರೆ.

ನೀಲಿ ಟಿಕ್ ಎಷ್ಟು ಬಿತ್ತೆಂದು ಎಣಿಸುತ್ತ ಕೂರಬೇಡಿ. ಲಾರ್ವಾ, ಅಂದರೆ ನೀರಿನಲ್ಲಿರುವ ಸೊಳ್ಳೆಮರಿ ಹುಳುವಿನ ಸಮೀಕ್ಷೆಯಲ್ಲಿ ನೂರು ಮನೆಗೆ ಎಷ್ಟು ಮನೆಯಲ್ಲಿ ಹುಳು ಸಿಕ್ಕಿತು, ಯಾವ ಪಾತ್ರೆಯಲ್ಲಿ ಸಿಕ್ಕಿತು ಎಂದು ಬರೆದಿಟ್ಟುಕೊಳ್ಳಿ. ಡ್ರಮ್ಮು ಶುಚಿಯಾಗಿದ್ದು ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲಿ ಹುಳು ಸಿಕ್ಕರೆ ಮುಂದಿನ ಗುರುವಾರದ ಸಂಜೆಯ ಫೋಟೊ ಆ ತಟ್ಟೆಯದೇ.