ಮಗನ ಊರಿನ ಮಳೆ ಹಿಮವಾದ ರಾತ್ರಿ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ಅಂಗಳದ ಮೂಲೆಯಲ್ಲಿ ಒಂದು ಮಳೆಮಾಪಕ ಇದೆ. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ಹಳೆ ಚಟ. ಮಗ ಅಮೆರಿಕದ ಕನೆಕ್ಟಿಕಟ್‌ಗೆ ಹೋದ ಮೇಲೆ ಚಟ ಅಲ್ಲಿಗೂ ಹಬ್ಬಿತು. ಅವನ ಮನೆ ಹಾರ್ಟ್‌ಫರ್ಡ್‌ನಿಂದ ಪಶ್ಚಿಮಕ್ಕೆ, ಗುಡ್ಡದ ಕಡೆ. ಇಲ್ಲಿ ಕೂತು ಅಲ್ಲಿಯ ಹವಾಮಾನ ನೋಡುವುದು ಎಂದರೆ ಮನೆಯವಳಿಗೆ ನಗು. ‘ಇಲ್ಲಿ ಒಣಗಲು ಹಾಕಿದ ಅಡಿಕೆ ಮೊದಲು ನೋಡಿ’ ಎನ್ನುತ್ತಾಳೆ.

2011ರ ಅಕ್ಟೋಬರ್ 29, ಶನಿವಾರ. ದೀಪಾವಳಿ ಮುಗಿದು ಎರಡು ದಿನ ಆಗಿತ್ತಷ್ಟೆ. ನಮಗೆ ತುಲಾ ತಿಂಗಳು. ಸಂಜೆ ಗುಡುಗು ಶುರುವಾದರೆ ಮೊದಲ ಕೆಲಸ ಮೋಡೆಮ್‌ನ ವಯರ್ ಕೀಳುವುದು. ಸಿಡಿಲಿಗೆ ಅದಾಗಲೇ ಎರಡು ಮೋಡೆಮ್ ಸುಟ್ಟಿತ್ತು. ಅವತ್ತು ಗುಡುಗು ನಿಂತು, ವಯರ್ ಮತ್ತೆ ಸಿಕ್ಕಿಸಿ, ಊಟ ಮುಗಿಸಿ ಕೂತಾಗ ರಾತ್ರಿ ಒಂಬತ್ತೂವರೆ. ಅಲ್ಲಿ ಸರಿಯಾಗಿ ಮಧ್ಯಾಹ್ನ ಹನ್ನೆರಡು.

ಸಮುದ್ರದ ಮೇಲೆ ಒಂದು ವಾಯುಭಾರ ಕುಸಿತ ಕರಾವಳಿಯುದ್ದಕ್ಕೂ ಈಶಾನ್ಯದ ಕಡೆ ಏರುತ್ತಿತ್ತು. ಅಲ್ಲಿಯವರು ಇಂಥದ್ದಕ್ಕೆ ‘ನಾರ್‌ಈಸ್ಟರ್’ ಎನ್ನುತ್ತಾರೆ. ಅಕ್ಟೋಬರ್‌ನಲ್ಲೇ ಹಿಮ ಬೀಳುತ್ತದೆ ಎಂದು ಅಲ್ಲಿನ ಹವಾಮಾನ ಇಲಾಖೆ ಹೇಳಿತ್ತು. ಮಗನಿಗೆ ನಂಬಿಕೆ ಇರಲಿಲ್ಲ. ‘ಮಳೆಯೇ ಬತ್ತಾ ಇದ್ದು ಅಪ್ಪಾ’ ಎಂದ ಫೋನಿನಲ್ಲಿ.

ನಾನು ನೋಡುವುದು ವಿಮಾನ ನಿಲ್ದಾಣಗಳ ವರದಿ, ಮೆಟಾರ್. ಅಮೆರಿಕದ್ದಾದರೂ ಅದರಲ್ಲಿ ಉಷ್ಣತೆ ಸೆಲ್ಸಿಯಸ್‌ನಲ್ಲೇ ಇರುತ್ತದೆ, ನಮ್ಮ ಪುಣ್ಯ. ಗಂಟೆಗೊಮ್ಮೆ ಬರುತ್ತದೆ, ಹವೆ ಬದಲಾದರೆ ನಡುವೆಯೂ ಬರುತ್ತದೆ. ‘ಆರ್‌ಎ’ ಎಂದರೆ ಮಳೆ, ‘ಎಸ್‌ಎನ್’ ಎಂದರೆ ಹಿಮ. ಎರಡೂ ಒಟ್ಟಿಗೆ ಬಂದರೆ ‘ಆರ್‌ಎಎಸ್‌ಎನ್’. ಆದರೆ ಈ ಅಕ್ಷರ ಬದಲಾಗುವವರೆಗೆ ಸುಮ್ನೆ ಕಾಯುವುದರಲ್ಲಿ ಏನಿದೆ? ಅದಕ್ಕೆ ಮೊದಲೇ ಹೇಳುವ ಎರಡು ಅಂಕಿ ಪಕ್ಕದಲ್ಲೇ ಇರುತ್ತವೆ: ಗಾಳಿಯ ಉಷ್ಣತೆ ಮತ್ತು ಡ್ಯೂ ಪಾಯಿಂಟ್, ಅಂದರೆ ಗಾಳಿ ಎಷ್ಟು ಡಿಗ್ರಿಗೆ ತಣ್ಣಗಾದರೆ ಅದರ ತೇವ ಇಬ್ಬನಿಯಾಗುತ್ತದೆ ಎಂಬ ಅಂಕಿ. ಎರಡರ ಅಂತರ ಹೆಚ್ಚಿದಷ್ಟೂ ಗಾಳಿ ಒಣ.

ಥರ್ಮಾಮೀಟರ್ 4 ಡಿಗ್ರಿ ತೋರಿಸಿದರೆ ಹಿಮ ಹೇಗೆ ಬೀಳುತ್ತದೆ ಎಂದು ಅನ್ನಿಸುತ್ತದಲ್ವಾ? ಮಣ್ಣಿನ ಹೂಜಿಯ ನೀರು ಯಾಕೆ ತಣ್ಣಗಿರುತ್ತದೆ ಎಂದು ಯೋಚಿಸಿದರೆ ಸಾಕು. ನೀರು ಆವಿಯಾಗುವಾಗ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಒಣ ಗಾಳಿಯಲ್ಲಿ ಮಳೆ ಬಿದ್ದಾಗಲೂ ಹಾಗೆಯೇ, ಗಾಳಿ ತಣ್ಣಗಾಗುತ್ತಾ ಹೋಗುತ್ತದೆ. ನನ್ನ ಲೆಕ್ಕ ಒರಟು: ಎರಡು ಅಂಕಿಗಳ ಅಂತರದ ಮೂರನೇ ಒಂದು ಪಾಲನ್ನು ಉಷ್ಣತೆಯಿಂದ ಕಳೆಯುವುದು. 4 ಮತ್ತು -2 ಇದ್ದರೆ ಅಂತರ 6. ಮೂರನೇ ಒಂದು ಪಾಲು 2. ಅಂದರೆ ಗಾಳಿ ಸುಮಾರು 2 ಡಿಗ್ರಿಗೆ ಇಳಿಯಬಹುದು. ಇದು ಒಂದರ ಆಸುಪಾಸಿಗೆ ಬಂದರೆ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ.

ಇನ್ನೊಂದು ವಿಷಯ ಮಳೆಯ ಜೋರು. ಮೇಲಿಂದ ಬರುವುದು ಹಿಮವೇ, ಕೆಳಗೆ ಬರುವಾಗ ಕರಗುತ್ತದೆ. (ನಮ್ಮ ಗುಡುಗು ಮಳೆಯ ದೊಡ್ಡ ಹನಿಗಳೂ ಹೆಚ್ಚಾಗಿ ಮೇಲೆ ಹಿಮವೇ. ನಮ್ಮಲ್ಲಿ ಸೊನ್ನೆ ಡಿಗ್ರಿ ಇರುವುದು ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ, ಅಷ್ಟು ದೂರ ಇಳಿಯುವಾಗ ಕರಗದೆ ಉಳಿಯುವುದು ಹೇಗೆ!) ಒಂದು ಗ್ರಾಂ ಹಿಮ ಕರಗಲು 80 ಕ್ಯಾಲರಿ ಬೇಕು. ಆ ಬಿಸಿ ಸುತ್ತಲಿನ ಗಾಳಿಯಿಂದಲೇ ಬರಬೇಕು. ಹಾಗಾಗಿ ಜೋರಾಗಿ ಸುರಿದಷ್ಟೂ ಸೊನ್ನೆಯ ಗೆರೆ ಕೆಳಕ್ಕೆ ಇಳಿಯುತ್ತದೆ. ರಾಡಾರ್‌ನಲ್ಲೂ ಇದು ಕಾಣುತ್ತದೆ. ಅರ್ಧ ಕರಗಿದ ಹಿಮ ರಾಡಾರ್‌ಗೆ ದೊಡ್ಡ ಹನಿಯಂತೆ ಕಂಡು, ಚಿತ್ರದಲ್ಲಿ ರಾಡಾರ್ ಇರುವ ಜಾಗದ ಸುತ್ತಲೂ ಒಂದು ಹೊಳೆಯುವ ಬಳೆ ಮೂಡುತ್ತದೆ. ಬಳೆ ಕಿರಿದಾಗುತ್ತಾ ನಡುವಿಗೆ ಬಂದರೆ ಹಿಮ ನೆಲಕ್ಕೆ ಹತ್ತಿರವಾಯಿತು ಎಂದರ್ಥ.

ಗಾಳಿಯ ದಿಕ್ಕನ್ನು ಮರೆತರೆ ಎಲ್ಲಾ ಕೆಡುತ್ತದೆ. ಪೂರ್ವದಿಂದ ಬೀಸುತ್ತಿದ್ದರೆ ಅದು ಸಮುದ್ರದ ಬೆಚ್ಚಗಿನ ಗಾಳಿ. ಉತ್ತರಕ್ಕೆ ತಿರುಗಿದರೆ ಒಳನಾಡಿನ ಚಳಿ ಕೆಳಗೆ ನುಗ್ಗುತ್ತದೆ. ಅವತ್ತು ಅದು ಉತ್ತರದ ಕಡೆ ತಿರುಗತೊಡಗಿದ್ದನ್ನು ನೋಡಿದೆ.

ಮಗನಿಗೆ ಹೇಳಿದೆ, ‘ಕಾರಿನ ಹತ್ತಿರ ಹೋಗಿ ನೋಡು.’ ಸ್ವಲ್ಪ ಹೊತ್ತಿಗೆ ಫೋನ್ ಬಂತು. ಹನಿ ಗಾಜಿಗೆ ಬಿದ್ದು ಸಿಡಿಯುವ ಬದಲು, ನಡುವೆ ಒಂದು ಬೂದು ಚುಕ್ಕೆ ಅರೆಕ್ಷಣ ನಿಂತು ಜಾರುತ್ತಿತ್ತಂತೆ. ‘ಕಪ್ಪು ಜಾಕೆಟ್ಟಿನ ತೋಳು ಚಾಚು’ ಎಂದೆ. ತೋಳಿನ ಮೇಲೆ ನಾಲ್ಕೈದು ಎಳೆ ಬೆಳ್ಳಗೆ ಅಂಟಿದವು. ನಾನು ಮುಂದಿನ ವರದಿಗಾಗಿ ಕಾಯುತ್ತಿದ್ದಾಗಲೇ ಸೊಸೆ ಫೋನ್ ಕಿತ್ತುಕೊಂಡು, ‘ಮಾವ, ಎದುರಿನ ಮನೆಯೇ ಕಾಣುವುದಿಲ್ಲ ಈಗ’ ಎಂದಳು.

ಇಲ್ಲಿಯವರೆಗೆ ನನ್ನ ಲೆಕ್ಕ ಸರಿಯಾಗಿತ್ತು. ಎಡವಿದ್ದು ಆಮೇಲೆ. ಕಾರನ್ನು ಮೇಪಲ್ ಮರದಡಿಯಿಂದ ತೆಗೆಯಬೇಕಾ ಎಂದು ಮಗ ಕೇಳಿದ. ‘ಬೇಡ, ನೆಲ ಇನ್ನೂ ಬೆಚ್ಚಗಿದೆ, ಬಿದ್ದದ್ದು ಕರಗುತ್ತದೆ’ ಎಂದೆ. ನೆಲದ ಬಗ್ಗೆ ಯೋಚಿಸಿದೆ, ಮರದ ಬಗ್ಗೆ ಯೋಚಿಸಲಿಲ್ಲ. ನಲವತ್ತು ವರ್ಷ ತೋಟದಲ್ಲಿ ಇದ್ದವನು ನಾನು! ಅಕ್ಟೋಬರ್ ಕೊನೆ, ಎಲೆ ಇನ್ನೂ ಉದುರಿರಲಿಲ್ಲ. ಒಂದೊಂದು ಎಲೆಯೂ ಒಂದೊಂದು ಬೊಗಸೆ. 30 ಮಿಲಿಮೀಟರ್ ನೀರೆಂದರೆ ಒಂದು ಚದರ ಮೀಟರಿಗೆ 30 ಲೀಟರ್. ನಮ್ಮ ಅಡಿಕೆ ಸೋಗೆಯ ಮೇಲೆ ಅದು ಮಳೆಯಾಗಿ ಬಂದರೆ ಹರಿದು ಹೋಗುತ್ತದೆ. ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಸಾಲು, ಅಷ್ಟೆ. ಅಷ್ಟೇ ನೀರು ಹಿಮವಾಗಿ ಬಂದರೆ ಸುಮಾರು ಒಂದು ಅಡಿ ದಪ್ಪ, 30 ಕಿಲೋ, ಕೊಂಬೆಯ ಮೇಲೆಯೇ ಕೂತಿರುತ್ತದೆ. ಜೋರಾಗಿ ಬೀಳುವ ಹಿಮಕ್ಕೆ ನೆಲದ ಬಿಸಿಯೂ ಲೆಕ್ಕಕ್ಕಿಲ್ಲ.

ರಾತ್ರಿ ಎರಡು ಗಂಟೆಗೆ ಮಗ ಫೋನನ್ನು ಕಿಟಕಿಯ ಹತ್ತಿರ ಹಿಡಿದ. ಗುಂಡು ಹೊಡೆದ ಹಾಗೆ ಸದ್ದು. ಆಮೇಲೆ ದರದರ ಎಂದು ಏನೋ ಎಳೆದ ಹಾಗೆ. ಮರಗಳು ಮುರಿಯುತ್ತಿದ್ದವು. ನಮ್ಮ ಮೇಪಲ್ ಕೊಂಬೆ ಕಾರಿನ ಹಿಂದಿನ ಗಾಜಿನ ಮೇಲೆಯೇ ಬಿತ್ತು. ಮಗ ಬೈಯಲಿಲ್ಲ. ಮನೆಯವಳು ಬೈದಳು.

ಹಾರ್ಟ್‌ಫರ್ಡ್ ಹತ್ತಿರದ ಬ್ರ್ಯಾಡ್ಲಿ ವಿಮಾನ ನಿಲ್ದಾಣದಲ್ಲಿ 12 ಇಂಚಿಗೂ ಸ್ವಲ್ಪ ಜಾಸ್ತಿ ಬಿದ್ದಿತ್ತು. ಮ್ಯಾಸಚೂಸೆಟ್ಸ್‌ನ ಗುಡ್ಡದ ಊರು ಪೆರುವಿನಲ್ಲಿ 32 ಇಂಚು. ಸಮುದ್ರದ ಪಕ್ಕದ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಮೂರು ಇಂಚೂ ಇಲ್ಲ. ಕನೆಕ್ಟಿಕಟ್ ಒಂದರಲ್ಲೇ ಎಂಟು ಲಕ್ಷಕ್ಕೂ ಜಾಸ್ತಿ ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ಮಗನ ಮನೆಗೆ ಬಂದದ್ದು ಎಂಟನೇ ದಿನ. ಅಷ್ಟು ದಿನ ಅವನು ಕಾರಿನಲ್ಲಿ ಫೋನ್ ಚಾರ್ಜ್ ಮಾಡುತ್ತಿದ್ದ. ಪೆರ್ಲದಲ್ಲಿ ನಾವು ಇನ್ವರ್ಟರ್ ಹಾಕಿಕೊಂಡು ಆರಾಮಾಗಿದ್ದೆವು.

ಈಗಲೂ ಚಳಿಗಾಲದಲ್ಲಿ ಅವನ ಫೋನ್ ಬರುತ್ತದೆ, ‘ಅಪ್ಪಾ, ಡ್ಯೂ ಪಾಯಿಂಟ್ ಎಷ್ಟು?’ ನಾನು ಮೊದಲು ಕೇಳುವುದು, ಮರದಲ್ಲಿ ಎಲೆ ಉಂಟಾ ಎಂದು.