ಎಳೆಗೂಸಿಗೆ ನೀರು ಹಾಕುವ ಮುನ್ನ

ಎಳೆಗೂಸಿನ ಸ್ನಾನಕ್ಕೆ ಐದು ನಿಮಿಷ ಸಾಕು. ಅದರ ಸಿದ್ಧತೆಗೆ ಹದಿನೈದು ನಿಮಿಷ ಬೇಕು. ನನ್ನ ಮೊದಲ ಮೊಮ್ಮಗಳಿಗೆ ನೀರು ಹಾಕಿದ ದಿನ ನಾನು ಟವೆಲನ್ನು ಕೋಣೆಯಲ್ಲಿಯೇ ಮರೆತು ಬಂದಿದ್ದೆ. ಮಗಳು ಅದನ್ನು ಹುಡುಕಿ ತರುವಷ್ಟರಲ್ಲಿ ಕೂಸಿನ ಅಂಗಾಲು ತಣ್ಣಗಾಗಿ, ಗಲ್ಲ ಅದುರತೊಡಗಿತ್ತು. ಮೂರು ಮಕ್ಕಳಿಗೆ ಎರೆದು ಬೆಳೆಸಿದವಳೆಂಬ ನನ್ನ ಹಮ್ಮು ಅಂದೇ ಇಳಿಯಿತು. ಈಗ ಒಣ ಟವೆಲು, ಹಳೆಯ ಮೆತ್ತನೆಯ ಪಂಚೆಯ ತುಂಡು, ಲಂಗೋಟಿ, ಅಂಗಿ, ಟೋಪಿ ಎಲ್ಲವೂ ಕೈಗೆಟಕುವಂತೆ ಇರದೆ ನಾನು ಮಗುವಿನ ಬಟ್ಟೆ ಬಿಚ್ಚುವುದಿಲ್ಲ.

ಮಗು ಹುಟ್ಟಿದ ಕೂಡಲೇ ಸ್ನಾನ ಮಾಡಿಸುವ ಅವಸರ ಬೇಡ. ಕನಿಷ್ಠ 24 ಗಂಟೆ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೈಗೆ ಅಂಟಿಕೊಂಡಿರುವ ಬೆಣ್ಣೆಯಂಥ ಬಿಳಿ ಲೇಪ ಕೊಳೆಯಲ್ಲ, ಎಳೆಯ ಚರ್ಮಕ್ಕೆ ಅದೇ ರಕ್ಷೆ, ಉಜ್ಜಿ ತೆಗೆಯಬಾರದು. ಹೊಕ್ಕುಳಬಳ್ಳಿ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಉದುರುತ್ತದೆ. ಅಲ್ಲಿಯವರೆಗೆ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಬಳ್ಳಿಗೆ ಅರಿಶಿನ, ಎಣ್ಣೆ, ಬೂದಿ ಯಾವುದನ್ನೂ ಹಚ್ಚದೆ ಒಣಗಲು ಬಿಡಬೇಕು. ಸುತ್ತಲೂ ಕೆಂಪಾದರೆ, ಕೀವು ಅಥವಾ ದುರ್ವಾಸನೆ ಬಂದರೆ ಅಂದೇ ವೈದ್ಯರಿಗೆ ತೋರಿಸಬೇಕು. ತೂಕ ಕಡಿಮೆಯಿರುವ, ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ ವೈದ್ಯರು ಹೇಳುವವರೆಗೆ ನೀರು ಹಾಕಲೇಬಾರದು.

ನೀರಿನ ಹದದಲ್ಲಿ ನಮ್ಮ ಹಿರಿಯರು ತಪ್ಪಿದ್ದೇ ಹೆಚ್ಚು. ಹಂಡೆಯ ಬಿಸಿನೀರನ್ನು ಮೈ ಕೆಂಪಾಗುವಂತೆ ಸುರಿದರೆ ಮೂಳೆ ಗಟ್ಟಿಯಾಗುತ್ತದೆ ಎಂದು ನನ್ನ ಅತ್ತೆಯವರು ನಂಬಿದ್ದರು. ಆದರೆ ಬೇಕಾದದ್ದು ನಮ್ಮ ಮೈಯಷ್ಟೇ ಬೆಚ್ಚಗಿನ, ಸುಮಾರು 37 ಡಿಗ್ರಿ ಸೆಲ್ಸಿಯಸ್ ನೀರು. ಬಕೆಟ್ಟಿಗೆ ಮೊದಲು ತಣ್ಣೀರು, ಅನಂತರ ಬಿಸಿನೀರು ಬೆರೆಸಿ, ಚೆನ್ನಾಗಿ ಕಲಕಿ, ಮೊಣಕೈಯನ್ನು ಅದ್ದಿ ನೋಡಬೇಕು. ಕೆಲಸ ಮಾಡಿ ಗಡುಸಾದ ಅಂಗೈಗೆ ಬಿಸಿ ತಿಳಿಯುವುದಿಲ್ಲ. ಗ್ಯಾಸ್ ಗೀಸರ್ ಇರುವ ಮನೆಗಳಲ್ಲಿ ಗಾಳಿ ಬೀಸಬಾರದೆಂದು ಬಚ್ಚಲಿನ ಕಿಟಕಿ ಮುಚ್ಚಿ ಗೀಸರ್ ಉರಿಸುತ್ತಾರೆ. ಅದರಿಂದ ಹೊಮ್ಮುವ ವಿಷಾನಿಲಕ್ಕೆ ವಾಸನೆಯೇ ಇಲ್ಲ, ಅದು ಪ್ರಾಣವನ್ನೇ ತೆಗೆಯಬಲ್ಲದು. ಕಿಟಕಿ ತೆರೆದಿಟ್ಟು ನೀರು ತುಂಬಿಸಿಕೊಂಡು, ಗೀಸರ್ ಆರಿಸಿ, ಬಕೆಟ್ಟನ್ನು ಬೇರೆ ಬೆಚ್ಚಗಿನ ಕೋಣೆಗೆ ಒಯ್ಯುವುದೇ ಲೇಸು.

ಕಾಲಿನ ಮೇಲೆ ಮಲಗಿಸಿ ಎರೆಯುವ ನಮ್ಮ ಪದ್ಧತಿಯನ್ನು ಮಾತ್ರ ನಾನು ಬಿಟ್ಟುಕೊಡಲಾರೆ. ಮಣೆಯ ಮೇಲೆ ಕುಳಿತು, ಕಾಲುಗಳನ್ನು ಜೋಡಿಸಿ ನೀಡಿ, ಮಗುವಿನ ತಲೆ ಪಾದಗಳ ಕಡೆಗೆ ಬರುವಂತೆ ಮಲಗಿಸಿದರೆ, ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸು ತೊಟ್ಟಿಲಿನಲ್ಲಿದ್ದಂತೆ ನಿಲ್ಲುತ್ತದೆ, ನೀರು ನಿಲ್ಲದೆ ಹರಿದುಹೋಗುತ್ತದೆ. ಆದರೂ ಒಂದು ಕೈ ಸದಾ ಮಗುವಿನ ಮೇಲಿರಬೇಕು. ಚೊಂಬನ್ನು ಎತ್ತರದಿಂದ ಸುರಿಯದೆ, ಅಂಗೈಯನ್ನು ಅಡ್ಡ ಹಿಡಿದು ಅದರ ಮೇಲಿಂದ ನೀರು ಜಾರುವಂತೆ ಹಾಕಬೇಕು. ಬೋರಲು ಮಲಗಿಸಿದಾಗ ಮುಖ ಪಕ್ಕಕ್ಕೆ ತಿರುಗಿ ಮೂಗು ಬಿಡುವಾಗಿದೆಯೇ ಎಂದು ನೋಡಿಕೊಳ್ಳಬೇಕು. ತಲೆಯಿಂದ ಮೈ ಬೇಗ ತಣ್ಣಗಾಗುವುದರಿಂದ ತಲೆಗೆ ಕೊನೆಯಲ್ಲಿ ನೀರು ಹಾಕಿ ಕೂಡಲೇ ಒರೆಸಬೇಕು. ಕತ್ತಿನ ಮಡಿಕೆಯಲ್ಲಿ ಕಕ್ಕಿದ ಹಾಲು ಒಣಗಿ ಮೊಸರಿನಂತೆ ಅಂಟಿಕೊಂಡು ಹುಣ್ಣಾಗುತ್ತದೆ. ಅಲ್ಲಿ, ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ಬೆರಳು ಹಾಯಿಸಿ ತೊಳೆದು ಒತ್ತಿ ಒಣಗಿಸಬೇಕು. ಹೆಣ್ಣುಮಗುವನ್ನು ಮುಂದಿನಿಂದ ಹಿಂದಕ್ಕೆ ತೊಳೆಯಬೇಕು; ಗಂಡುಮಗುವಿನ ಮುಂದೊಗಲನ್ನು ಹಿಂದಕ್ಕೆ ಎಳೆಯಬಾರದು.

ಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆಯನ್ನು ಹಗುರವಾಗಿ ನೀವುವುದು ಒಳ್ಳೆಯದೇ. ಆದರೆ ಕಿವಿ ಮೂಗಿಗೆ ಎಣ್ಣೆ ಬಿಡುವುದು, ಮೂಗು ತೀಡುವುದು, ಉಬ್ಬಿದ ಮೊಲೆಯನ್ನು ಹಿಂಡುವುದು ಬೇಡ. ಆ ಉಬ್ಬು ತಾನಾಗಿ ಇಳಿಯುತ್ತದೆ, ಹಿಂಡಿದರೆ ಕೀವು ಕಟ್ಟುತ್ತದೆ. ಕುಂಡಿಯ ಮೇಲೆ ನೀಲಿ ಮಚ್ಚೆ ಕಂಡರೆ ಎರೆದವರನ್ನು ಬೈಯಬೇಡಿ, ನಮ್ಮ ಮಕ್ಕಳಲ್ಲಿ ಅದು ಹುಟ್ಟಿನಿಂದಲೇ ಇರುವುದು ಸಾಮಾನ್ಯ. ಪೌಡರಿನ ಧೂಳು, ಸಾಂಬ್ರಾಣಿ ಹೊಗೆ ಎರಡೂ ಎಳೆಯ ಶ್ವಾಸಕೋಶಕ್ಕೆ ಹಿತವಲ್ಲ. ಹೊಗೆ ಹಿಡಿಯದಿದ್ದರೆ ಮಗು ಮಲಗುವುದಿಲ್ಲ ಎನ್ನುವವರು, ಮೈ ಒರೆಸಿ ಬಟ್ಟೆ ತೊಡಿಸಿದ ಕೂಡಲೇ ಅದನ್ನು ತಾಯಿಯ ಮಡಿಲಿಗೆ ಕೊಟ್ಟು ನೋಡಲಿ. ನನ್ನ ಮೊಮ್ಮಗಳು ಒಂದು ಕಡೆಯ ಹಾಲು ಮುಗಿಯುವ ಮೊದಲೇ ಕಣ್ಣು ಮುಚ್ಚುತ್ತಿದ್ದಳು.