ರಾಜಕಾಲುವೆಗೆ ಮಣ್ಣು ಬೀಳುತ್ತಿದೆಯೇ? ದೂರಿಗೆ ಮೊದಲು ಅಳತೆ ಹಿಡಿಯಿರಿ

ಬೆಂಗಳೂರಿನಲ್ಲಿ ಮಳೆನೀರು ಹರಿಯುವ ರಾಜಕಾಲುವೆಗೆ ಬಿಲ್ಡರ್ ಮಣ್ಣು ಸುರಿಯುತ್ತಿರುವುದನ್ನು ಫೋಟೊ ತೆಗೆದು ಪಾಲಿಕೆಗೆ ಟ್ಯಾಗ್ ಮಾಡಿದರೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಸರ್ವೆ ನಂಬರ್ ಇಲ್ಲದ ದೂರನ್ನು ಒಂದು ಇಲಾಖೆ ಇನ್ನೊಂದಕ್ಕೆ ದಾಟಿಸುವುದು ಬಲು ಸುಲಭ.

ಸ್ಥಳದಲ್ಲೇ ನಿಂತು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆಯಿರಿ. ಗ್ರಾಮ, ಸರ್ವೆ ನಂಬರ್ ಸಿಗುತ್ತವೆ. ಮೊಬೈಲ್ ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗುವುದು ಮಾಮೂಲು, ಹಾಗಾಗಿ ಆ ಸ್ಕ್ರೀನ್‌ಶಾಟ್ ಬರೀ ಸುಳಿವು, ಸಾಕ್ಷ್ಯವಲ್ಲ. ಮುಂದೆ ಪಹಣಿ ತೆಗೆಸಿ 3ನೇ ಕಾಲಂ ನೋಡಿ. ‘ಬ’ ಖರಾಬು ಎಂದು ಗುಂಟೆ ಲೆಕ್ಕ ಇದ್ದರೆ ಅದು ಹಳ್ಳ, ಕಾಲುವೆ, ದಾರಿಯಂಥ ಸಾರ್ವಜನಿಕ ಜಾಗ. ಒಂದು ಗುಂಟೆಗೆ 1,089 ಚದರಡಿ. 4 ಗುಂಟೆ ನುಂಗಿದರೆಂದರೆ ಮೂರೂವರೆಗೂ ಹೆಚ್ಚು 30×40 ಸೈಟು ಹೋಯಿತು ಅಂತಲೇ. ಖರಾಬು ನಮೂದಾಗಿಲ್ಲವೆಂದು ಕೈಬಿಡಬೇಡಿ. ಕಾಲುವೆ ಎರಡು ಸರ್ವೆ ನಂಬರುಗಳ ನಡುವೆ ಹಾದಿದ್ದರೆ ಪಹಣಿಯಲ್ಲಿ ಕಾಣದು, ಗ್ರಾಮ ನಕಾಶೆಯಲ್ಲಿ ಕಾಣುತ್ತದೆ. ಈಗಿರುವ ಕಾಂಕ್ರೀಟ್ ಚರಂಡಿಯ ಅಗಲ ನಂಬಬೇಡಿ, ನಕಾಶೆಯ ಮೂಲೆಯಲ್ಲಿರುವ ಸ್ಕೇಲ್ ಹಿಡಿದು ಹಳೆಯ ಅಗಲ ತೆಗೆಯಿರಿ.

ದೂರುಗಳು ಹೆಚ್ಚಾಗಿ ಮುಗ್ಗರಿಸುವುದು ಬಫರ್, ಅಂದರೆ ಕೆರೆ-ಕಾಲುವೆ ಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗದ ಲೆಕ್ಕದಲ್ಲಿ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಪ್ರಕಾರ ಕೆರೆಗೆ ಅಂಚಿನಿಂದ 30 ಮೀಟರ್. ಕಾಲುವೆಗೆ ಅಳೆಯುವುದು ಅಂಚಿನಿಂದಲ್ಲ, ನಡುಮಧ್ಯದಿಂದ: ದೊಡ್ಡದಾದ ಪ್ರಾಥಮಿಕ ಕಾಲುವೆಗೆ 50, ಅದಕ್ಕಿಂತ ಸಣ್ಣ ದ್ವಿತೀಯಕ್ಕೆ 25, ಇನ್ನೂ ಸಣ್ಣ ತೃತೀಯಕ್ಕೆ 15 ಮೀಟರ್. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ (ಎನ್‌ಜಿಟಿ) 2016ರಲ್ಲಿ ಕೆರೆಗೆ 75 ಮೀಟರ್ ಎಂದಿತ್ತು, ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅದನ್ನು ತಳ್ಳಿಹಾಕಿತು. ಈಗಲೂ 75 ಎಂದು ಬರೆದರೆ ಬಿಲ್ಡರ್ ಕಡೆಯ ವಕೀಲರಿಗೆ ನೀವೇ ದಾರಿ ಮಾಡಿಕೊಟ್ಟಂತೆ. ಕಟ್ಟಡದ ನಕ್ಷೆ ಮಂಜೂರಾದ ದಿನಾಂಕವನ್ನೂ ಬರೆದಿಟ್ಟುಕೊಳ್ಳಿ. ಅಂದು ಯಾವ ನಿಯಮ ಜಾರಿಯಲ್ಲಿತ್ತು ಎಂಬುದರ ಮೇಲೆ ವಾದ ನಿಲ್ಲುತ್ತದೆ.

ಮಂಜೂರಾದ ನಕ್ಷೆಯನ್ನು ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಹುಡುಕಿ. ಅದರಲ್ಲಿ ಕಾಲುವೆಯೇ ಇಲ್ಲದಿದ್ದರೆ ದೂರಿನ ಮೊದಲ ಸಾಲು ಸಿಕ್ಕಿತು. ಒಟ್ಟು ನಿರ್ಮಾಣ 20,000 ಚದರ ಮೀಟರ್, ಅಂದರೆ ಸುಮಾರು 2.15 ಲಕ್ಷ ಚದರಡಿ ಮುಟ್ಟಿದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಬೇಸ್‌ಮೆಂಟ್ ಕೂಡ ಈ ಲೆಕ್ಕಕ್ಕೆ ಸೇರುತ್ತದೆ, ಜಾಹೀರಾತಿನ ಕಾರ್ಪೆಟ್ ಏರಿಯಾ ನೋಡಿ ಮೋಸಹೋಗಬೇಡಿ. ಒಂದೇ ಜಮೀನನ್ನು ಫೇಸ್ 1, ಫೇಸ್ 2 ಎಂದು ಒಡೆದು ಪ್ರತಿಯೊಂದನ್ನೂ ಮಿತಿಯ ಕೆಳಗೆ ಇಡುವುದು ಹಳೆಯ ಚಾಳಿ. ಆ ಎಲ್ಲ ಸರ್ವೆ ನಂಬರುಗಳ ನಿರ್ಮಾಣವನ್ನು ಕೂಡಿಸಿ ನೋಡಿ. ಅನುಮತಿ ಪತ್ರ, ಅದರ ಷರತ್ತುಗಳು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿರುತ್ತವೆ. ಷರತ್ತು ಪಾಲನೆಯ ವರದಿಯನ್ನು ಬಿಲ್ಡರ್ ಪ್ರತಿ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು.

ಸಿಗದ ಕಾಗದಕ್ಕೆ ಮಾಹಿತಿ ಹಕ್ಕು ಅರ್ಜಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ನೊಂದ ಕಥೆಯನ್ನೆಲ್ಲ ತುಂಬಿದರೆ ತಿರಸ್ಕರಿಸಲು ನೆಪವಾಗುತ್ತದೆ.

ದೂರಿನ ಪ್ರತಿ ತಹಶೀಲ್ದಾರರಿಗೆ, ಪಾಲಿಕೆಯ ಬೃಹತ್ ನೀರುಗಾಲುವೆ ವಿಭಾಗಕ್ಕೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಹೋಗಲಿ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾಗಿವೆ, ಜಾಗ ಯಾವುದಕ್ಕೆ ಸೇರಿದೆ ಎಂದು ಮೊದಲೇ ನೋಡಿಕೊಳ್ಳಿ. ‘ಕ್ರಮ ಕೈಗೊಳ್ಳಿ’ ಎಂದಷ್ಟೇ ಬರೆಯಬೇಡಿ. ‘ಸರ್ಕಾರಿ ಕಾಲುವೆಯನ್ನು ಭೂಮಾಪಕರಿಂದ ಅಳತೆ ಮಾಡಿಸಿ ಗಡಿ ಗುರುತಿಸಿ’ ಎಂದು ಕೇಳಿ. ಎಲ್ಲ ಕಡೆ ಸೀಲು, ತಾರೀಖು ಹಾಕಿಸಿಕೊಂಡ ಸ್ವೀಕೃತಿ ಕೈಯಲ್ಲಿರಲಿ.

ಯಾರೂ ಕದಲದಿದ್ದರೆ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವಿದೆ. ಪರಿಸರ ಅನುಮತಿಯನ್ನೇ ಪ್ರಶ್ನಿಸುವುದಾದರೆ 30 ದಿನ, ಸಕಾರಣವಿದ್ದರೆ ಇನ್ನೂ 60. ಇತರ ವಿವಾದಕ್ಕೆ ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಆರು ತಿಂಗಳು, ಅದರ ಮೇಲೆ 60 ದಿನ. ಮೊದಲ ಲಾರಿ ಮಣ್ಣು ಸುರಿದ ದಿನದ ಫೋಟೊವನ್ನು ದಿನಾಂಕ ಸಮೇತ ಜೋಪಾನ ಮಾಡಬೇಕಾದದ್ದು ಇದಕ್ಕೇ.